ಫ್ಲ್ಯಾಶ್ ಕಾರ್ಡ್ ತರುವ ಮೊದಲು: ಒತ್ತಕ್ಷರದ ತಪ್ಪುಗಳ ಮೇಲೆ ಒಂದು ಕ್ರಿಯಾ ಸಂಶೋಧನೆ

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ 4 ಮತ್ತು 5ನೇ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. ಈ ವರ್ಷ ಒಂದು ಕ್ರಿಯಾ ಸಂಶೋಧನೆ, ಅಂದರೆ ನನ್ನ ತರಗತಿಯ ಒಂದು ತೊಂದರೆಯನ್ನು ನಾನೇ ಅಭ್ಯಾಸ ಮಾಡಿ ಸರಿಪಡಿಸಲು ನೋಡುವ ಕೆಲಸ, ಮಾಡಿ ವರದಿ ಕೊಡಬೇಕು. ಡಿ.ಎಡ್. ಓದುವಾಗ ಮಾಡಿದ್ದು ನಮೂನೆ ತುಂಬುವ ಕೆಲಸವಷ್ಟೇ, ಈಗ ಏನೂ ನೆನಪಿಲ್ಲ. ನನ್ನ ಮಕ್ಕಳು ಉಕ್ತಲೇಖನದಲ್ಲಿ ಒತ್ತಕ್ಷರ ಬಹಳ ತಪ್ಪು ಬರೆಯುತ್ತಾರೆ. "ಫ್ಲ್ಯಾಶ್ ಕಾರ್ಡ್ ಮೂಲಕ ಒತ್ತಕ್ಷರ ದೋಷ ನಿವಾರಣೆ" ಎಂದು ಶೀರ್ಷಿಕೆ ಯೋಚಿಸಿದ್ದೇನೆ. ಎಷ್ಟು ಮಕ್ಕಳನ್ನು ತೆಗೆದುಕೊಳ್ಳಬೇಕು, ಎಷ್ಟು ವಾರ ಬೇಕು, ಸಂಖ್ಯಾಶಾಸ್ತ್ರ ಬೇಕೇ ಬೇಕೇ? ಪಾಠ ಹಿಂದೆ ಬೀಳದಂತೆ ಇದನ್ನು ಮಾಡಲು ಆಗುತ್ತದೆಯೇ?

ಉತ್ತರ: ವಿಷಯ ಚೆನ್ನಾಗಿದೆ ಮೇಡಂ, ಶೀರ್ಷಿಕೆಯನ್ನು ಮಾತ್ರ ಸದ್ಯಕ್ಕೆ ಅಳಿಸಿಬಿಡಿ. ಮಕ್ಕಳು ಯಾಕೆ ತಪ್ಪುತ್ತಿದ್ದಾರೆ ಎನ್ನುವುದು ಇನ್ನೂ ನಿಮಗೆ ಗೊತ್ತಾಗಿಲ್ಲ, ಅಷ್ಟರಲ್ಲೇ ಫ್ಲ್ಯಾಶ್ ಕಾರ್ಡ್ ಬಂದು ಕೂತಿದೆ. ಶಿಕ್ಷಕರ ವರದಿಗಳು ಹೆಚ್ಚಾಗಿ ಎಡವುವುದು ಈ ಜಾಗದಲ್ಲೇ. ಪೂರ್ವ ಪರೀಕ್ಷೆಯಲ್ಲಿ ಶೇಕಡಾ ಇಷ್ಟು, ಕಾರ್ಡ್ ತೋರಿಸಿದ ಮೇಲೆ ಶೇಕಡಾ ಅಷ್ಟು, ಪಕ್ಕದಲ್ಲೊಂದು ಸ್ತಂಭ ನಕ್ಷೆ, ಕೊನೆಗೆ "ಪ್ರಾಕ್ಕಲ್ಪನೆ (ಮೊದಲೇ ಮಾಡಿಕೊಂಡ ಊಹೆ) ಸಾಬೀತಾಗಿದೆ" ಎಂಬ ಸಾಲು. ಓದಿ ಮುಗಿಸಿದರೆ ಆ ತರಗತಿಯಲ್ಲಿ ಏನು ನಡೆಯಿತು ಎಂದು ತಿಳಿಯುವುದೇ ಇಲ್ಲ.

ಕ್ರಿಯಾ ಸಂಶೋಧನೆಯಲ್ಲಿ ಪರಿಹಾರ ಹುಡುಕುವುದು ಸಣ್ಣ ಕೆಲಸ. ತಪ್ಪನ್ನು ಹತ್ತಿರದಿಂದ ನೋಡುವುದು ದೊಡ್ಡ ಕೆಲಸ. ನಿಮಗೆ ಎಂಟು ವಾರ ಇದ್ದರೆ ಮೊದಲ ಎರಡು ವಾರವನ್ನು ಬರೀ ನೋಡುವುದಕ್ಕೆ ಕೊಡಿ.

ಹಿನ್ನೆಲೆ ಎರಡು ಮಾತಿನಲ್ಲಿ ಹೇಳುತ್ತೇನೆ, ವರದಿಯ ಮೊದಲ ಪುಟಕ್ಕೂ ಆಗುತ್ತದೆ. ಜರ್ಮನಿಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮನೋವಿಜ್ಞಾನಿ ಕರ್ಟ್ ಲೆವಿನ್ 1946ರಲ್ಲಿ ಅಲ್ಪಸಂಖ್ಯಾತರ ಸಮಸ್ಯೆಗಳ ಬಗ್ಗೆ ಬರೆದ ಲೇಖನದಲ್ಲಿ ಯೋಜಿಸು, ಮಾಡು, ಏನಾಯಿತೆಂದು ನೋಡು, ಮತ್ತೆ ಯೋಜಿಸು ಎಂಬ ಸುರುಳಿಯನ್ನು ವಿವರಿಸಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿದ್ದ ಸ್ಟೀಫನ್ ಕೋರಿ 1953ರಲ್ಲಿ ಇದರ ಮೇಲೆ ಒಂದು ಪುಸ್ತಕ ಬರೆದು ಶಾಲಾ ಶಿಕ್ಷಕರಿಗೆ ಪರಿಚಯಿಸಿದರು. ನಮ್ಮ ನಮೂನೆಗಳಲ್ಲಿ ಕಾಣುವ "ಕ್ರಿಯಾತ್ಮಕ ಪ್ರಾಕ್ಕಲ್ಪನೆ" ಕೋರಿಯವರು ಒತ್ತಿ ಹೇಳಿದ ವಿಚಾರ. ಆಮೇಲೆ ಬ್ರಿಟನ್‌ನಲ್ಲಿ ಲಾರೆನ್ಸ್ ಸ್ಟೆನ್‌ಹೌಸ್ ಶಿಕ್ಷಕರೇ ಸಂಶೋಧಕರಾಗಬೇಕು ಎಂದು ವಾದಿಸಿದರು. ಜಾನ್ ಎಲಿಯಟ್ 1972ರಿಂದ 1974ರವರೆಗೆ ಫೋರ್ಡ್ ಟೀಚಿಂಗ್ ಪ್ರಾಜೆಕ್ಟ್‌ನಲ್ಲಿ ಒಂದೇ ಪಾಠದ ಬಗ್ಗೆ ಪಾಠ ಮಾಡಿದವರ ಮಾತು, ಮಕ್ಕಳ ಮಾತು, ಹಿಂದೆ ಕೂತು ನೋಡಿದವರ ಮಾತು ಮೂರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರು. ಈ ಕೊನೆಯ ಉಪಾಯವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಬೇಕೆಂದರೆ ನಲಿ-ಕಲಿ ನೋಡಿ, ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಲ್ಲಿ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ ಅದು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವಂತೆ ಕಲಿಕಾ ಕಾರ್ಡುಗಳನ್ನು ಮಾಡಿಕೊಂಡರು. ಆ ಕೆಲಸದ ಹಿಂದಿದ್ದ ಮನೋಭಾವ ಕ್ರಿಯಾ ಸಂಶೋಧನೆಯದೇ. 2009-10ರಲ್ಲಿ ಅದು ರಾಜ್ಯಾದ್ಯಂತ ಬಂದಾಗ ಅನೇಕ ಶಾಲೆಗಳಿಗೆ ಸಿದ್ಧ ಕಾರ್ಡು ತಲುಪಿತು, ಕಾರ್ಡು ಹುಟ್ಟಿದ ಯೋಚನೆ ಅಷ್ಟಾಗಿ ತಲುಪಲಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಅದು ಬೇರೆಯೇ ಚರ್ಚೆ, ಬಿಡಿ.

ಈಗ ನಿಮ್ಮ ಒತ್ತಕ್ಷರಕ್ಕೆ ಬರೋಣ. "ಒತ್ತಕ್ಷರ ತಪ್ಪು" ಎನ್ನುವುದು ಒಂದೇ ತಪ್ಪಲ್ಲ. ಮೂವತ್ತು ಪದಗಳ ಪಟ್ಟಿ ಮಾಡಿಕೊಳ್ಳಿ: ಕತ್ತೆ, ಹಳ್ಳಿ, ಅಕ್ಕಿ, ಬೆಣ್ಣೆ, ಪುಸ್ತಕ, ಚಂದ್ರ, ಭಕ್ತಿ, ಸೂರ್ಯ, ಧರ್ಮ, ಆತ್ಮ ಹೀಗೆ. ಒಂದೇ ದಿನ ಎಲ್ಲ ಬರೆಸಬೇಡಿ, ಮೂರು ದಿನಕ್ಕೆ ಹಂಚಿ. ಬರೆಸಿದ ಮೇಲೆ ಸರಿ-ತಪ್ಪು ಗುರುತು ಹಾಕಿ ಅಂಕ ಕೂಡಿಸಬೇಡಿ. ಮಗು ಏನು ಬರೆದಿದೆಯೋ ಅದನ್ನೇ ಉದ್ದನೆಯ ನೋಟ್‌ಬುಕ್ಕಿನಲ್ಲಿ ಹಾಗೇ ಎತ್ತಿ ಬರೆದುಕೊಳ್ಳಿ. ಆಗ ನಾಲ್ಕೈದು ಬೇರೆ ಬೇರೆ ಜಾತಿಯ ತಪ್ಪುಗಳು ಕಾಣತೊಡಗುತ್ತವೆ.

"ಕತ್ತೆ" ಎಂದರೆ "ಕತೆ" ಎಂದು ಬರೆಯುವ ಮಗುವಿಗೆ ಒತ್ತಿನ ಆಕಾರ ಗೊತ್ತಿಲ್ಲದಿರಬಹುದು, ಇಲ್ಲವೇ ಕಿವಿಗೆ ಎರಡರ ವ್ಯತ್ಯಾಸವೇ ಬೀಳದಿರಬಹುದು. "ಪುಸ್ತಕ"ವನ್ನು "ಪುತ್ಸಕ" ಎಂದು ಬರೆದವನಿಗೆ ಎರಡೂ ಧ್ವನಿ ಕೇಳಿದೆ, ಆಕಾರವೂ ಗೊತ್ತಿದೆ, ಯಾವುದು ಮೇಲೆ ಯಾವುದು ಕೆಳಗೆ ಎನ್ನುವುದು ಅದಲುಬದಲಾಗಿದೆ. "ಪುಸುತಕ" ಎಂದು ಬಿಡಿಸಿ ಬರೆದವಳು ಬಹುಶಃ ತಾನು ಮಾತಾಡುವ ಹಾಗೆಯೇ ಬರೆದಿದ್ದಾಳೆ. "ಸೂರ್ಯ" ಹೋಗಿ "ಸೂಯ್ರ" ಆದರೆ ಅದು ಅರ್ಕಾವೊತ್ತಿನ ತೊಡಕು: ಕಿವಿಗೆ ಮೊದಲು ಬೀಳುವ ರ್ ಅನ್ನು ಕೈ ಕೊನೆಗೆ ಬರೆಯಬೇಕು.

ಇನ್ನೊಂದು ತೊಡಕು ದೊಡ್ಡವರಾದ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. "ಭಕ್ತಿ" ಎನ್ನುವಾಗ ಇಕಾರ ಕೇಳಿಸುವುದು ತಕಾರದ ಆಮೇಲೆ, ಆದರೆ ಗುಡಿಸು ಕೂರುವುದು ಕಕಾರದ ಮೇಲೆ. ಕೇಳಿದ ಕ್ರಮದಲ್ಲೇ ಬರೆಯಹೊರಟ ಮಗು ಇಲ್ಲಿ ತಡವರಿಸುವುದು ಸಹಜ, ಅದನ್ನು ದಡ್ಡತನ ಎನ್ನಲಾಗದು. ಆಕಾರದ ವಿಷಯಕ್ಕೆ ಬಂದರೆ, ಕ, ಗ, ಟ, ಡ, ಪ, ಬ ಇವುಗಳ ಒತ್ತು ತಲೆಕಟ್ಟು ಕಳಚಿದ ಪುಟ್ಟ ಅಕ್ಷರದಂತೆಯೇ ಇರುತ್ತದೆ, ನೋಡಿದರೆ ಊಹಿಸಬಹುದು. ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆ ಕಾಣುವುದು ಕಷ್ಟ. ನಿಮ್ಮ ತರಗತಿಯ ತಪ್ಪುಗಳು ಈ ಆರರ ಸುತ್ತಲೇ ಗುಂಪುಗಟ್ಟಿದ್ದರೆ, ಎಲ್ಲ ಒತ್ತಕ್ಷರಗಳಿಗೂ ಕಾರ್ಡ್ ಮಾಡುವ ಶ್ರಮ ವ್ಯರ್ಥ.

ಕಾರಣ ಇನ್ನೂ ಸ್ಪಷ್ಟವಾಗಬೇಕಾದರೆ ಅದೇ ಪದಗಳನ್ನು ಮೂರು ರೀತಿ ಕೊಡಿ. ಒಂದು ದಿನ ಬೋರ್ಡ್ ನೋಡಿ ಬರೆಯಲಿ. ಇನ್ನೊಂದು ದಿನ ಒಬ್ಬೊಬ್ಬರೇ ನಿಮ್ಮ ಮೇಜಿನ ಹತ್ತಿರ ಬಂದು ಓದಲಿ. ಮತ್ತೊಂದು ದಿನ ಕೇಳಿ ಬರೆಯಲಿ. ನೋಡಿ ಸರಿಯಾಗಿ ಬರೆದು, ಓದಲು ಬಾರದ ಮಗು ಅಕ್ಷರವನ್ನು ಚಿತ್ರದ ಹಾಗೆ ಬಿಡಿಸುತ್ತಿದೆ. ಸರಿಯಾಗಿ ಓದಿ, ಕೇಳಿ ಬರೆಯುವಾಗ ತಪ್ಪುವ ಮಗುವಿಗೆ ಬೇಕಾದದ್ದು ಬೇರೆ. ಬಾಯಲ್ಲಿ ಹೇಳುವಾಗಲೇ ಒತ್ತು ಹಾರಿಸುವ ಮಗು ಇನ್ನೂ ಬೇರೆ. ಮನೆಯಲ್ಲಿ ಉರ್ದು, ತೆಲುಗು, ಲಂಬಾಣಿ ಮಾತಾಡುವ ಮಕ್ಕಳು ನಿಮ್ಮ ತರಗತಿಯಲ್ಲಿದ್ದರೆ ಅವರ ಮುಂದೆ ಒಂದು ಗುರುತು ಹಾಕಿಕೊಳ್ಳಿ. ಅವರ ತಪ್ಪಿನ ಜಾಡು ಉಳಿದವರಿಗಿಂತ ಬೇರೆ ಇದೆಯೋ ಇಲ್ಲವೋ ಎನ್ನುವುದನ್ನು ಊಹಿಸದೆ ನೋಡಬೇಕು.

ನಿಮ್ಮನ್ನೂ ನೋಡಿಕೊಳ್ಳಬೇಕು. ಉಕ್ತಲೇಖನ ಹೇಳುವಾಗ ಮೊಬೈಲ್‌ನಲ್ಲಿ ಧ್ವನಿ ರೆಕಾರ್ಡ್ ಮಾಡಿ ಮನೆಗೆ ಹೋಗಿ ಕೇಳಿ. ಕೆಲವರು "ಪುಸ್... ತಕ" ಎಂದು ಒಡೆದು ಹೇಳಿ ಉತ್ತರವನ್ನೇ ಕೊಟ್ಟುಬಿಡುತ್ತಾರೆ, ಕೆಲವರು ಗಡಿಬಿಡಿಯಲ್ಲಿ ಒತ್ತನ್ನು ನುಂಗುತ್ತಾರೆ. ಪೂರ್ವ ಪರೀಕ್ಷೆಯಲ್ಲಿ ವೇಗವಾಗಿ ಹೇಳಿ ಕೊನೆಯ ಪರೀಕ್ಷೆಯಲ್ಲಿ ಒಡೆದು ಹೇಳಿದರೆ ಅಂಕ ಏರಿಯೇ ಏರುತ್ತದೆ. ಅದಕ್ಕೇ ಮೊದಲ ಸಲ ಹೇಳಿದ ರೆಕಾರ್ಡಿಂಗ್ ಇಟ್ಟುಕೊಂಡು, ಕೊನೆಯಲ್ಲಿಯೂ ಅದೇ ವೇಗದಲ್ಲಿ ಹೇಳಿ.

ಎರಡು ವಾರ ಕಳೆದ ಮೇಲೆ ಪ್ರಶ್ನೆ ಬರೆಯಿರಿ. ಹಳೆಯ ವರದಿಗಳ "ಸಂಭಾವ್ಯ ಕಾರಣಗಳು" ಎಂಬ ಕಲಂ ತೆಗೆದು ನೋಡಿದರೆ ಪೋಷಕರ ಅನಕ್ಷರತೆ, ಗೈರುಹಾಜರಿ, ಬಡತನ, ಟಿವಿ ಎಂದಿರುತ್ತದೆ. ಸುಳ್ಳೇನಲ್ಲ. ಆದರೆ ಇವನ್ನು ನೀವು ದಿನಕ್ಕೆ ಹತ್ತು ನಿಮಿಷದಲ್ಲಿ ಬದಲಿಸಲಾರಿರಿ, ಹಾಗಾಗಿ ಈ ಸಂಶೋಧನೆಗೆ ಅವು ಕಾರಣಗಳಾಗಿ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ಪ್ರಶ್ನೆಯ ಒಳಗೆ ನೀವಿರಬೇಕು. "4ನೇ ತರಗತಿಯ ಮಕ್ಕಳ ಒತ್ತಕ್ಷರ ದೋಷಗಳು" ಎನ್ನುವ ಬದಲು "ಗುಡಿಸು ಮತ್ತು ಅರ್ಕಾವೊತ್ತು ಎಲ್ಲಿ ಕೂರುತ್ತವೆ ಎನ್ನುವುದನ್ನು ಮಕ್ಕಳೇ ಪದ ಕಟ್ಟಿ ನೋಡುವಂತೆ ನಾನು ಪಾಠ ಬದಲಿಸಿದರೆ ಅದಲುಬದಲಿನ ತಪ್ಪು ಕಡಿಮೆಯಾಗುತ್ತದೆಯೇ?" ಎಂದು ಕೇಳಿ. ಉದ್ದವಾಯಿತು, ಇರಲಿ. ಏನು ಬದಲಿಸುತ್ತೀರಿ, ಯಾವ ತಪ್ಪನ್ನು ನೋಡುತ್ತೀರಿ ಎರಡೂ ಅದರಲ್ಲಿದೆ.

ಪರಿಹಾರ ಆ ಪ್ರಶ್ನೆಯಿಂದಲೇ ಹೊರಡುತ್ತದೆ. ತೊಂದರೆ ಕಿವಿಯದಾದರೆ ಕತೆ-ಕತ್ತೆ, ಹಳಿ-ಹಳ್ಳಿ, ಎಲೆ-ಎಲ್ಲೆ, ಬಲೆ-ಬಲ್ಲೆ ಎಂಬ ಜೋಡಿಗಳನ್ನು ಹೇಳಿ, ಒತ್ತು ಕೇಳಿಸಿದಾಗ ಮಾತ್ರ ಚಪ್ಪಾಳೆ ತಟ್ಟಿಸಿ. ಅದಕ್ಕೆ ಕಾರ್ಡೇ ಬೇಡ. ತೊಂದರೆ ಜಾಗದ್ದಾದರೆ ಅಕ್ಷರ, ಒತ್ತು, ಗುಡಿಸು, ಅರ್ಕಾವೊತ್ತುಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು ಇಬ್ಬಿಬ್ಬರ ಜೋಡಿಗೆ ಕೊಡಿ. ಒಬ್ಬರು ಹೇಳಲಿ, ಇನ್ನೊಬ್ಬರು ಕಟ್ಟಲಿ, ಜಗಳವಾದರೆ ಆಗಲಿ. ಆ ಜಗಳದಲ್ಲಿ ಮಕ್ಕಳು ಆಡುವ ಮಾತು ನಿಮಗೆ ಅಂಕಪಟ್ಟಿಗಿಂತ ಹೆಚ್ಚು ಹೇಳುತ್ತದೆ. ತೊಂದರೆ ಆ ಆರು ಆಕಾರಗಳದ್ದಾದರೆ ಮಾತ್ರ ನಿಮ್ಮ ಫ್ಲ್ಯಾಶ್ ಕಾರ್ಡಿಗೆ ಕೆಲಸ ಇದೆ, ಆರೇ ಕಾರ್ಡ್ ಸಾಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಹಾಡು, ಆಟ, ಕಾರ್ಡ್, ಬಹುಮಾನ ಎಲ್ಲವನ್ನೂ ಒಟ್ಟಿಗೆ ತಂದರೆ ತರಗತಿ ಖುಷಿಯಾಗಿರುತ್ತದೆ, ಆದರೆ ಯಾವುದರಿಂದ ಏನಾಯಿತು ಎಂದು ಹೇಳಲಾಗುವುದಿಲ್ಲ.

ಮಕ್ಕಳ ಸಂಖ್ಯೆ ಕೇಳಿದ್ದೀರಿ. 4ನೇ ತರಗತಿ ಒಂದನ್ನೇ ಹಿಡಿಯಿರಿ, ಅದರಲ್ಲಿ ಎಲ್ಲ ಮಕ್ಕಳೂ ಇರಲಿ. ಅರ್ಧ ತರಗತಿಗೆ ಹೊಸ ರೀತಿ, ಉಳಿದರ್ಧಕ್ಕೆ ಹಳೆಯ ರೀತಿ ಎಂದು ಭಾಗ ಮಾಡಬೇಡಿ. ಒಂದೇ ಕೋಣೆಯಲ್ಲಿ ಅದು ನಡೆಯುವುದೂ ಇಲ್ಲ, ನ್ಯಾಯವೂ ಅಲ್ಲ. ಎಲ್ಲರಿಗೂ ಪಾಠ ಮಾಡಿ, ಅವರಲ್ಲಿ ಬೇರೆ ಬೇರೆ ಬಗೆಯ ತಪ್ಪು ಮಾಡುವ ಐದಾರು ಮಕ್ಕಳ ಬರಹವನ್ನು ಮಾತ್ರ ವಾರವಾರವೂ ವಿವರವಾಗಿ ಹಿಂಬಾಲಿಸಿ.

ಅತಿ ಕಡಿಮೆ ಅಂಕದ ಎಂಟು ಮಕ್ಕಳನ್ನು ಆರಿಸಿ ಅವರ ಮೇಲಷ್ಟೇ ಪ್ರಯೋಗ ಮಾಡುವ ರೂಢಿ ನಮ್ಮಲ್ಲಿ ಬಹಳ. ಅದರಲ್ಲೊಂದು ಮೋಸವಿದೆ. ಒಂದೇ ಪರೀಕ್ಷೆಯಲ್ಲಿ ತೀರಾ ಕೆಳಗೆ ಬಂದವರಲ್ಲಿ ಕೆಲವರು ಆ ದಿನ ಜ್ವರದಿಂದಲೋ, ಹಸಿವಿನಿಂದಲೋ, ಬೆಳಗ್ಗೆ ಮನೆಯಲ್ಲಿ ಬೈಸಿಕೊಂಡೋ ಬಂದಿರುತ್ತಾರೆ. ಅವರು ಮುಂದಿನ ಪರೀಕ್ಷೆಯಲ್ಲಿ ನೀವೇನೂ ಮಾಡದಿದ್ದರೂ ಸ್ವಲ್ಪ ಮೇಲೇರುತ್ತಾರೆ. ಆ ಏರಿಕೆಯನ್ನು ನಿಮ್ಮ ಕಾರ್ಡಿನ ಲೆಕ್ಕಕ್ಕೆ ಬರೆದುಕೊಳ್ಳಬಾರದು. ಮೂರು ದಿನಕ್ಕೆ ಹಂಚಿ ಬರೆಸಿ ಎಂದು ಮೊದಲೇ ಹೇಳಿದ್ದು ಇದಕ್ಕೂ ಸೇರಿ.

ಎರಡನೆಯ ಮೋಸ, ಪೂರ್ವ ಪರೀಕ್ಷೆಯ ಪದಗಳನ್ನೇ ಪಾಠದಲ್ಲಿ ಬಳಸಿ, ಅವನ್ನೇ ಕೊನೆಯ ಪರೀಕ್ಷೆಯಲ್ಲೂ ಕೇಳುವುದು. ಆಗ ಮಕ್ಕಳು ಮೂವತ್ತು ಪದ ಬಾಯಿಪಾಠ ಮಾಡಿದ್ದಾರೆ ಎಂದಷ್ಟೇ ಗೊತ್ತಾಗುತ್ತದೆ. ಅಷ್ಟೇ ಕಷ್ಟದ ಇನ್ನೊಂದು ಪಟ್ಟಿ ಮಾಡಿ ಎತ್ತಿಡಿ, ಪಾಠದಲ್ಲಿ ಅದನ್ನು ಮುಟ್ಟಬೇಡಿ. ಅದರಲ್ಲಿ ನಾಲ್ಕೈದು ಅರ್ಥವೇ ಇಲ್ಲದ ಪದಗಳೂ ಇರಲಿ: "ದುಸ್ಪ", "ಬಿಕ್ನೆ" ಅಂಥವು. ಮಕ್ಕಳು ನಗುತ್ತಾರೆ, ನಗಲಿ. ಎಲ್ಲೂ ಓದಿರದ ಪದವನ್ನು ಸರಿಯಾಗಿ ಬರೆದರೆ ಒತ್ತಿನ ಕ್ರಮ ಕೈಗೆ ಹತ್ತಿದೆ ಎಂದೇ ಅರ್ಥ. ಪಾಠ ಮುಗಿದ ತಿಂಗಳ ಮೇಲೆ ಇನ್ನೊಮ್ಮೆ ಬರೆಸುವುದನ್ನು ಮರೆಯಬೇಡಿ. ಬಹುಪಾಲು ವರದಿಗಳಲ್ಲಿ ಈ ಹೆಜ್ಜೆಯೇ ಇರುವುದಿಲ್ಲ.

ಸಂಖ್ಯಾಶಾಸ್ತ್ರ ಬೇಡ. ಒಂದು ತರಗತಿಯ ಇಪ್ಪತ್ತೆಂಟೋ ಮೂವತ್ತೋ ಮಕ್ಕಳಿಗೆ ಟಿ-ಪರೀಕ್ಷೆ (ಎರಡು ಸರಾಸರಿಗಳ ವ್ಯತ್ಯಾಸ ಆಕಸ್ಮಿಕವೋ ಅಲ್ಲವೋ ಎಂದು ನೋಡುವ ಲೆಕ್ಕ) ಹಾಕಿ ಸಾಧಿಸುವುದು ಹೆಚ್ಚಿಲ್ಲ. ನೀವು ರಾಜ್ಯದ ಎಲ್ಲ 4ನೇ ತರಗತಿಗಳ ಬಗ್ಗೆ ಹೇಳಲು ಹೊರಟಿಲ್ಲವಲ್ಲ. ಅದರ ಬದಲು ಒಂದು ಸರಳ ಉಪಾಯವಿದೆ, ನನಗೆ ತುಂಬ ಇಷ್ಟವಾದದ್ದು. ಅದೇ ಉಕ್ತಲೇಖನದಲ್ಲಿ ನೀವು ಪಾಠ ಮಾಡದ ಇನ್ನೊಂದು ತಪ್ಪನ್ನೂ ಎಣಿಸುತ್ತ ಹೋಗಿ. ಮಹಾಪ್ರಾಣದ ತಪ್ಪು ಅದಕ್ಕೆ ಹೇಳಿ ಮಾಡಿಸಿದ್ದು. "ಭಕ್ತಿ", "ಧರ್ಮ" ಎಂಬ ಪದಗಳಲ್ಲಿ ಒತ್ತಿನ ತಪ್ಪಿಗೆ ಒಂದು ಕಲಂ, ಭ-ಬ, ಧ-ದ ತಪ್ಪಿಗೆ ಇನ್ನೊಂದು ಕಲಂ. ಆರು ವಾರದಲ್ಲಿ ಎರಡೂ ಒಂದೇ ಸಮ ಇಳಿದರೆ, ಮಕ್ಕಳು ಹೇಗಿದ್ದರೂ ಬೆಳೆಯುತ್ತಿದ್ದರು, ನಿಮ್ಮ ಉಪಾಯದ ಪಾಲು ಕಡಿಮೆ ಎನ್ನಬೇಕಾಗುತ್ತದೆ. ಒತ್ತಿನ ತಪ್ಪು ಇಳಿದು ಮಹಾಪ್ರಾಣದ ತಪ್ಪು ಹಾಗೇ ನಿಂತಿದ್ದರೆ ನಿಮ್ಮ ಬದಲಾವಣೆ ಏನೋ ಮಾಡಿದೆ ಎನ್ನಲು ಗಟ್ಟಿ ಆಧಾರ ಸಿಕ್ಕಿತು. ಮುಂದಿನ ಸುತ್ತಿನಲ್ಲಿ ಮಹಾಪ್ರಾಣವನ್ನೇ ಹಿಡಿಯಬಹುದು. ಯಾವ ಸೂತ್ರವೂ ಇಲ್ಲದೆ ಇದು ನಡೆಯುತ್ತದೆ.

ಸರಾಸರಿಯನ್ನು ನಂಬಬೇಡಿ. ತರಗತಿಯ ಸರಾಸರಿ ಏರಿದಾಗಲೂ ಇಬ್ಬರು ಮಕ್ಕಳು ಇದ್ದಲ್ಲೇ ಇರಬಹುದು. ಆ ಇಬ್ಬರೇ ನಿಮ್ಮ ವರದಿಯ ಮುಖ್ಯ ಭಾಗ. ಎಡಗಡೆ ಮಕ್ಕಳ ಕ್ರಮಸಂಖ್ಯೆ, ಮೇಲುಗಡೆ ವಾರಗಳು, ಪ್ರತಿ ಚೌಕದಲ್ಲಿ ತಪ್ಪಿನ ಬಗೆ ಬರೆದ ಒಂದೇ ದೊಡ್ಡ ಹಾಳೆ ಇದ್ದರೆ ಎಲ್ಲ ಅಲ್ಲಿಯೇ ಕಾಣುತ್ತದೆ.

ಇನ್ನು ಎಲಿಯಟ್ ಅವರ ಉಪಾಯ. ಸಹೋದ್ಯೋಗಿಯೊಬ್ಬರನ್ನು ಒಂದೆರಡು ಸಲ ಹಿಂದಿನ ಬೆಂಚಿನಲ್ಲಿ ಕೂರಿಸಿ. "ಪಾಠ ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು ಮೇಡಂ" ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಕೆಲಸ ಹೇಳಿ ಕೂರಿಸಬೇಕು: "ಈ ಇಬ್ಬರು ಮಕ್ಕಳನ್ನೇ ನೋಡಿ, ಚೀಟಿ ಜೋಡಿಸುವಾಗ ಏನು ಮಾಡುತ್ತಾರೆ, ಏನು ಮಾತಾಡುತ್ತಾರೆ ಬರೆದುಕೊಡಿ." ಮಕ್ಕಳನ್ನೂ ಕೇಳಿ. "ಇಲ್ಲಿ ಒತ್ತು ಯಾಕೆ ಹಾಕಿದೆ?" ಎಂದು ಸರಿ ಬರೆದವರನ್ನೂ ತಪ್ಪು ಬರೆದವರನ್ನೂ ಒಂದೇ ಧಾಟಿಯಲ್ಲಿ ಕೇಳಬೇಕು. ತಪ್ಪಾದಾಗ ಮಾತ್ರ ಕೇಳಿದರೆ ಮಕ್ಕಳು ಬೇಗ ಪತ್ತೆ ಹಚ್ಚಿ ಕೂಡಲೇ ಅಳಿಸಿಬಿಡುತ್ತಾರೆ. ಏಕಶಿಕ್ಷಕ ಶಾಲೆಯಲ್ಲಿದ್ದು ಇದನ್ನು ಓದುತ್ತಿರುವವರು ಮೊಬೈಲನ್ನು ಕಿಟಕಿಯ ಮೇಲಿಟ್ಟು ಧ್ವನಿ ರೆಕಾರ್ಡ್ ಮಾಡಿಕೊಳ್ಳಬಹುದು. ದಿನಚರಿಗೆ ಮೂರು ಸಾಲು ಸಾಕು: ಏನು ಮಾಡಿದೆ, ಏನು ಕಂಡಿತು, ಯಾವುದು ನಾನು ಎಣಿಸಿದಂತೆ ಆಗಲಿಲ್ಲ. ಮೂರನೆಯ ಸಾಲು ಖಾಲಿಯಾಗಿಯೇ ಇದ್ದರೆ ನೋಡುವುದು ಸಾಲದು ಎಂದು ತಿಳಿಯಿರಿ.

ಸಮಯದ ಮಾತು. ಹೊಸದಾಗಿ ಏನನ್ನೂ ಸೇರಿಸಬೇಡಿ, ಇರುವುದನ್ನೇ ಬಳಸಿ. ಜೂನ್‌ನ ಸೇತುಬಂಧದಲ್ಲಿ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ಮತ್ತೆ ನೋಡುವ ದಿನಗಳಲ್ಲಿ, ಮಾಡಿಸಿದ ನೈದಾನಿಕ ಪರೀಕ್ಷೆಯ ಹಾಳೆಗಳು ನಿಮ್ಮ ಬೀರುವಿನಲ್ಲಿದ್ದರೆ ಅವೇ ಮೊದಲ ಆಧಾರ. ಈಗಾಗಲೇ ಮಾಡಿಸುವ ಉಕ್ತಲೇಖನ ಮತ್ತು ಶುದ್ಧಬರಹದ ಹೊತ್ತಿನಲ್ಲೇ ದಿನಕ್ಕೆ ಹತ್ತು ನಿಮಿಷ ತೆಗೆಯಿರಿ. ಪದಗಳನ್ನು ಆಗ ನಡೆಯುತ್ತಿರುವ ಪಾಠದಿಂದಲೇ ಆರಿಸಿದರೆ ಪಾಠ ಹಿಂದೆ ಬೀಳುವುದಿಲ್ಲ. ರೂಪಣಾತ್ಮಕ ಮೌಲ್ಯಮಾಪನಕ್ಕೆ (ವರ್ಷದ ನಡುವೆ ಕಲಿಕೆಯನ್ನು ಅಳೆಯುವುದಕ್ಕೆ) ಹೇಗೂ ಚಟುವಟಿಕೆಯ ದಾಖಲೆ ಬೇಕಲ್ಲ, ಇದೇ ಕೆಲಸದ ಒಂದು ಭಾಗ ಅಲ್ಲಿಗೂ ಆಗುತ್ತದೆ. ದಸರಾ ರಜೆ ನಡುವೆ ಬಾರದ ಹಾಗೆ ನೋಡಿಕೊಳ್ಳಿ. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ತರಬೇತಿ ಅಂತ ಒಂದೆರಡು ವಾರ ಕೈತಪ್ಪಿಯೇ ತಪ್ಪುತ್ತವೆ, ಅದನ್ನು ಲೆಕ್ಕಕ್ಕೆ ಹಿಡಿದೇ ಎಂಟು ವಾರ ಎಂದಿದ್ದೇನೆ.

ಮುಖ್ಯ ಶಿಕ್ಷಕರಿಗೆ ಮೊದಲೇ ತಿಳಿಸಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಂದು ಮಾತು ಹೇಳಿಸಿ. ವರದಿಯಲ್ಲಿ ಮಕ್ಕಳ ಹೆಸರು ಬೇಡ. ತಪ್ಪು ಬರೆದ ಪುಟದ ಫೋಟೊ ಬೇಕಾದರೆ ಹೆಸರು ಮುಚ್ಚಿ ತೆಗೆಯಿರಿ. ವಾಟ್ಸ್ಆ್ಯಪ್ ಗುಂಪಿಗೆ "ಕ್ರಿಯಾ ಸಂಶೋಧನೆಯ ಒಂದು ನೋಟ" ಎಂದು ಮಕ್ಕಳ ಮುಖ ಹಾಕುವ ಅಭ್ಯಾಸ ನನಗಂತೂ ಸರಿ ಕಾಣುವುದಿಲ್ಲ. ಕಲಿಯಲು ಕಷ್ಟಪಡುತ್ತಿರುವವನು ಎಂದು ಊರಿಗೆಲ್ಲ ತೋರಿಸಿಕೊಳ್ಳಲು ಆ ಮಗು ಒಪ್ಪಿಗೆ ಕೊಟ್ಟಿರುವುದಿಲ್ಲ.

ಇನ್ನು ವರದಿ. ಕೊಟ್ಟ ನಮೂನೆಯಲ್ಲೇ ತುಂಬಿ, ಅದರ ಜೊತೆ ಜಗಳ ಬೇಡ. ಪ್ರಾಕ್ಕಲ್ಪನೆ ಎಂಬ ಕಲಂನಲ್ಲಿ ಮೇಲಿನ ಪ್ರಶ್ನೆಯನ್ನೇ ಹೇಳಿಕೆಯಾಗಿ ಬರೆದರೆ ಆಯಿತು. ಅಂದುಕೊಂಡದ್ದು ಆಗದಿದ್ದರೆ ಆಗಲಿಲ್ಲ ಎಂದೇ ಬರೆಯಿರಿ. "ಚೀಟಿ ಜೋಡಿಸುವಾಗ ಸರಿ ಮಾಡಿದ ಏಳು ಮಕ್ಕಳು ಕೇಳಿ ಬರೆಯುವಾಗ ಮತ್ತೆ ತಪ್ಪಿದರು, ಆದ್ದರಿಂದ ಎರಡನೆಯ ಸುತ್ತಿನಲ್ಲಿ ಜೋಡಿಸಿದ ತಕ್ಷಣ ಮುಚ್ಚಿ ಬರೆಯಿಸಿದೆ" ಎಂಬಂಥ ಒಂದು ಸಾಲು, ನೂರಕ್ಕೆ ತೊಂಬತ್ತು ಎಂಬ ಸ್ತಂಭ ನಕ್ಷೆಗಿಂತ ಪಕ್ಕದ ಶಾಲೆಯ ಶಿಕ್ಷಕರಿಗೆ ಹೆಚ್ಚು ಉಪಕಾರಿ. ಲೆವಿನ್ ಹೇಳಿದ ಸುರುಳಿ ಎಂದರೂ ಇದೇ, ಒಂದು ಸುತ್ತಿಗೆ ನಿಲ್ಲಿಸಿದರೆ ಅದು ಪ್ರಾಜೆಕ್ಟ್ ಕೆಲಸವಾಗಿಯೇ ಉಳಿಯುತ್ತದೆ. ಶೀರ್ಷಿಕೆಯನ್ನು ಎಲ್ಲ ಮುಗಿದ ಮೇಲೆ ಬರೆಯಿರಿ.

ವರದಿಯ ಪ್ರತಿ ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ) ಹೋಗಲಿ. ಆ ದೊಡ್ಡ ಹಾಳೆ ಮತ್ತು ಐದಾರು ಮಕ್ಕಳ ನೋಟ್‌ಬುಕ್ಕುಗಳನ್ನು ಮಾತ್ರ ಕ್ಲಸ್ಟರ್ ಮಟ್ಟದ, ಅಂದರೆ ಸುತ್ತಲಿನ ಕೆಲವು ಶಾಲೆಗಳ ಶಿಕ್ಷಕರ ಸಮಾಲೋಚನಾ ಸಭೆಗೆ ತೆಗೆದುಕೊಂಡು ಹೋಗಿ, ಸಿಆರ್‌ಪಿಯವರಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ) ಹೇಳಿ ಅರ್ಧ ಗಂಟೆ ಕೇಳಿಕೊಳ್ಳಿ. ನಿಮ್ಮ ತೀರ್ಮಾನವನ್ನು ಮೊದಲೇ ಹೇಳದೆ ಹಾಳೆಯನ್ನು ಮೇಜಿನ ಮೇಲೆ ಹರಡಿ, "ಈ ಮಗು ಯಾಕೆ ಹೀಗೆ ಬರೆದಿರಬಹುದು?" ಎಂದು ಕೇಳಿ ನೋಡಿ.